ನಡುರಾತ್ರಿ ಎದ್ದು ಕೈ ಕೊಡವಿದವರು

ಮೂರು ವರ್ಷಗಳ ಹಿಂದೆ, ಧನುರ್ಮಾಸದ ಒಂದು ರಾತ್ರಿ, ಬಲಗೈ ನನ್ನದಲ್ಲ ಎನ್ನಿಸಿ ಎಚ್ಚರವಾಯಿತು. ಊದಿಕೊಂಡು ಎರಡರಷ್ಟಾಗಿದೆ ಎಂದುಕೊಂಡೆ. ಕತ್ತಲಲ್ಲಿ ಎಡಗೈಯಿಂದ ತಡವಿ ನೋಡಿದರೆ ಎಂದಿನಷ್ಟೇ ಇತ್ತು. ಬೆರಳ ತುದಿಗಳಲ್ಲಿ ಇರುವೆ ಹರಿದಂತೆ, ಒಳಗೆಲ್ಲೋ ಕೆಂಡ ಹತ್ತಿದಂತೆ. ಯಾರೂ ಹೇಳಿಕೊಡದಿದ್ದರೂ ಕೈಯನ್ನು ಮಂಚದಿಂದ ಇಳಿಬಿಟ್ಟು ಜೋರಾಗಿ ಕೊಡವಿದೆ. ಹಿಂದೆ ಜ್ವರ ನೋಡುವ ಪಾದರಸದ ಕಡ್ಡಿಯನ್ನು ಕೊಡವುತ್ತಿದ್ದೆವಲ್ಲ, ಹಾಗೆ. ಹತ್ತು ನಿಮಿಷಕ್ಕೆ ಜೋಮು ಇಳಿಯಿತು. ಮೊಬೈಲಿನಲ್ಲಿ ಗಂಟೆ ನೋಡಿದೆ: ಎರಡೂವರೆ.

ಮರುದಿನವೂ ಹಾಗೆಯೇ ಆಯಿತು, ಅದರ ಮರುದಿನವೂ. ತಿಂಗಳೊಪ್ಪತ್ತಿನಲ್ಲಿ ಎಡಗೈಯೂ ಜೊತೆಗೂಡಿತು. ಎಂಟು ತಿಂಗಳು ನಾನು ಒಂದೇ ಒಂದು ರಾತ್ರಿಯನ್ನೂ ಇಡಿಯಾಗಿ ನಿದ್ದೆ ಮಾಡಲಿಲ್ಲ.

ಕೈ ನೋವಿನ ಬಗ್ಗೆ ಹೇಳುವುದು ಸುಲಭ. ಆ ಎರಡೂವರೆ ಗಂಟೆಯ ಬಗ್ಗೆ ಹೇಳುವುದು ಕಷ್ಟ, ಆದರೆ ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಜೋಮು ಇಳಿದ ಮೇಲೂ ನಿದ್ದೆ ಮರಳುವುದಿಲ್ಲ. ಮನೆಯವರು, ಮಗಳು, ಬೀದಿಯ ನಾಯಿ ಎಲ್ಲರೂ ಮಲಗಿರುತ್ತಾರೆ. ಹಗಲಿನಲ್ಲಿ ಅಂಗೈಯಗಲದ ಚಿಂತೆ ಆ ಹೊತ್ತಿನಲ್ಲಿ ಆಕಾಶದಗಲ ಆಗುತ್ತದೆ. ನಾನು ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಡಿಟಿಪಿ ಕೆಲಸ ಮಾಡುತ್ತಿದ್ದೇನೆ. ಕಾದಂಬರಿ, ಪಂಚಾಂಗ, ಲಗ್ನಪತ್ರಿಕೆ, ವೈಕುಂಠ ಸಮಾರಾಧನೆಯ ಕರೆಯೋಲೆ, ಎಲ್ಲವೂ ನನ್ನ ಬೆರಳುಗಳ ಕೆಳಗಿನಿಂದಲೇ ಹೋಗಿವೆ. ಪುಟಕ್ಕೆ ಇಷ್ಟು ಎಂದು ಹಣ. ಕೈ ನಿಂತರೆ ಪುಟ ನಿಲ್ಲುತ್ತದೆ, ಪುಟ ನಿಂತರೆ ಮಗಳ ಕಾಲೇಜಿನ ಶುಲ್ಕ. ಈ ಲೆಕ್ಕವನ್ನು ನಾನು ಎಷ್ಟು ರಾತ್ರಿ ಹಾಕಿದೆನೋ!

ಆಮೇಲೆ ಹಗಲೂ ಕೆಟ್ಟಿತು. ‘ನುಡಿ’ ತಂತ್ರಾಂಶದ ಕೀಲಿಮಣೆಯಲ್ಲಿ ಪ್ರತಿ ಒತ್ತಕ್ಷರಕ್ಕೂ ಎಡಗೈಯ ತೋರುಬೆರಳು ‘ಎಫ್’ ಕೀಲಿಯನ್ನು ಒತ್ತಬೇಕು. ಆ ಬೆರಳಿಗೆ ತಾನು ಒತ್ತಿದ್ದು ತಿಳಿಯದಾಯಿತು. ‘ಅಕ್ಕ’ ಎಂದಿರಬೇಕಾದಲ್ಲಿ ‘ಅಕಕ’ ಎಂದು ಬಂದ ಕರಡುಗಳು ಕೆಂಪು ಗೆರೆ ಹೊತ್ತು ನನ್ನ ಮೇಜಿಗೆ ಮರಳತೊಡಗಿದವು. ಮನೆಯಲ್ಲಿ ಕಾಫಿಯ ಲೋಟ ಜಾರಿತು, ಅದೂ ಬಂದ ನೆಂಟರ ಮುಂದೆ. ಸೀರೆಯ ನೆರಿಗೆಗೆ ಪಿನ್ನು ಹಾಕಲು ಮಗಳನ್ನು ಕರೆಯಬೇಕಾಯಿತು. ಕರೆದದ್ದು ನಾನು, ಅವಳು ಎರಡು ನಿಮಿಷ ತಡ ಮಾಡಿದಳೆಂದು ಕೂಗಾಡಿದ್ದೂ ನಾನೇ. ಮಲ್ಲಿಗೆ ಕಟ್ಟುವುದನ್ನು ಬಿಟ್ಟೆ. ರಂಗೋಲಿ ಬಿಟ್ಟೆ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಎಷ್ಟು ಪುಡಿ ಉಳಿದಿದೆ ಎಂದು ಬೆರಳೇ ಹೇಳಬೇಕಲ್ಲವೇ? ಅದು ಹೇಳದಿದ್ದರೆ ಎಳೆ ಒಮ್ಮೆ ದಪ್ಪ, ಒಮ್ಮೆ ಬರೀ ನೆಲ. ಹೊಸಿಲ ಮುಂದೆ ನಾಲ್ಕು ಗೆರೆ ಎಳೆದು ಒಳಗೆ ಬರುತ್ತಿದ್ದೆ.

ನಮ್ಮ ಭಾಷೆ ಸಾಮರ್ಥ್ಯವನ್ನೆಲ್ಲ ಕೈಯಲ್ಲೇ ಇಟ್ಟಿದೆ. ಅಡುಗೆ ಚೆನ್ನಾಗಿದ್ದರೆ ಕೈರುಚಿ, ಔಷಧ ಫಲಿಸಿದರೆ ಕೈಗುಣ, ಜೊತೆಗೆ ನಿಂತರೆ ಕೈಹಿಡಿದಂತೆ, ತೊರೆದರೆ ಕೈಬಿಟ್ಟಂತೆ. ಯಾವ ಕೆಲಸಕ್ಕೂ ಬಾರದವರನ್ನು ಕೈಲಾಗದವರು ಎನ್ನುತ್ತೇವೆ. ಈ ಮಾತನ್ನು ನಾನು ಎಷ್ಟೋ ಪುಸ್ತಕಗಳಲ್ಲಿ ಕಂಪೋಸ್ ಮಾಡಿದ್ದೇನೆ. ಅದು ನನಗೇ ಅನ್ವಯಿಸುವ ಪದವೆಂದು ಆ ಚಳಿಗಾಲದವರೆಗೆ ಅನ್ನಿಸಿರಲಿಲ್ಲ.

ಮೊದಲು ತೋರಿಸಿದ ವೈದ್ಯರು ಐದು ನಿಮಿಷ ಕೊಟ್ಟರು. ರಾತ್ರಿ ಜೋಮು, ನಿದ್ದೆಯಿಲ್ಲ, ಅಳು ಬರುತ್ತದೆ ಎಂದೆ. ಅಳು ಎಂಬ ಮಾತು ಬಂದಕೂಡಲೇ ಅವರ ಪೆನ್ನು ನಿಂತಿತು. “ಈ ವಯಸ್ಸಿನಲ್ಲಿ ಹೆಂಗಸರಿಗೆ ಇದೆಲ್ಲ ಸಹಜ. ಟೆನ್ಷನ್ ಕಡಿಮೆ ಮಾಡಿಕೊಳ್ಳಿ,” ಎಂದು ವಿಟಮಿನ್ ಮಾತ್ರೆ ಬರೆದುಕೊಟ್ಟರು. ನನ್ನ ಕೈಯನ್ನು ಮುಟ್ಟಲಿಲ್ಲ. ಹೊರಗೆ ಬಂದು ಬಸ್ ನಿಲ್ದಾಣದಲ್ಲಿ ಕೂತಾಗ, ಇದು ನಾನೇ ಮಾಡಿಕೊಂಡ ಕಾಯಿಲೆಯೇನೋ ಎಂಬ ಅನುಮಾನ ಹುಟ್ಟಿತು. ಅದು ಜೋಮಿಗಿಂತ ಕೆಟ್ಟದಾಗಿತ್ತು.

ನಾಲ್ಕು ತಿಂಗಳ ನಂತರ ಬೇರೊಂದು ಆಸ್ಪತ್ರೆಯಲ್ಲಿ, ನನ್ನ ಮಗಳಿಗಿಂತ ಹತ್ತು ವರ್ಷ ಹಿರಿಯಳಿರಬಹುದಾದ ವೈದ್ಯೆಯೊಬ್ಬರು ಕೇಳಿದ ಮೊದಲ ಪ್ರಶ್ನೆ: “ಕಿರುಬೆರಳೂ ಜೋಮು ಹಿಡಿಯುತ್ತದೆಯಾ ಅಮ್ಮಾ?”

ಯೋಚಿಸಿ ನೋಡಿದೆ. ಇಲ್ಲ. ಇಷ್ಟು ದಿನ ‘ಕೈಯೆಲ್ಲ’ ಎನ್ನುತ್ತಿದ್ದ ನನಗೆ ಆಗ ಗೊತ್ತಾಯಿತು, ಕಿರುಬೆರಳು ಈ ಕಥೆಯಲ್ಲಿ ಇರಲೇ ಇಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಮತ್ತು ಉಂಗುರಬೆರಳಿನಲ್ಲಿ ನಡುಬೆರಳ ಕಡೆಯ ಅರ್ಧ. ಒಂದೇ ಬೆರಳಿನ ಅರ್ಧ ಭಾಗ ಮಾತ್ರ ಮರಗಟ್ಟುವಂತೆ ಯಾವ ಟೆನ್ಷನ್ನೂ ಮಾಡಲಾರದು. ಅದು ಮೀಡಿಯನ್ ಎಂಬ ನರದ ಸರಹದ್ದು.

ಅವರು ಕಾಗದದ ಮೇಲೆ ಬರೆದು ತೋರಿಸಿದರು. ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳು ಸೇರಿ ದೋಣಿಯಂತೆ ತಳ ಕಟ್ಟಿವೆ. ಅದರ ಮೇಲೆ ಗಟ್ಟಿಯಾದ ಅಡ್ಡಪಟ್ಟಿಯೊಂದು ಚಾವಣಿಯಂತೆ ಬಿಗಿದಿದೆ. ಈ ಸುರಂಗದೊಳಗೆ ಬೆರಳುಗಳನ್ನು ಮಡಿಸುವ ಒಂಬತ್ತು ಸ್ನಾಯುರಜ್ಜುಗಳೂ ಅವುಗಳ ಜೊತೆಗೆ ಮೀಡಿಯನ್ ನರವೂ ಹಾದುಹೋಗುತ್ತವೆ. ಒಳಗೆ ಚೂರು ಊತವಾದರೂ ಮೂಳೆ ಜರಗುವುದಿಲ್ಲ, ಪಟ್ಟಿ ಹಿಗ್ಗುವುದಿಲ್ಲ. ಒತ್ತಡವನ್ನೆಲ್ಲ ನರವೇ ಉಣ್ಣಬೇಕು. ಇದಕ್ಕೆ ಕಾರ್ಪಲ್ ಟನಲ್ ಸಿಂಡ್ರೋಮ್, ಅಂದರೆ ಮಣಿಕಟ್ಟಿನ ಸುರಂಗದ ಕಾಯಿಲೆ ಎಂದು ಹೆಸರು. 1981ರಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಕರು ಈ ಸುರಂಗದ ಒತ್ತಡವನ್ನು ಅಳೆದಾಗ ಆರೋಗ್ಯವಂತರಲ್ಲಿ ಸರಾಸರಿ 2.5 ಮಿಲಿಮೀಟರ್ ಪಾದರಸದಷ್ಟಿತ್ತು, ರೋಗಿಗಳಲ್ಲಿ 32. ಮಣಿಕಟ್ಟು ಬಾಗಿಸಿದಾಗ ರೋಗಿಗಳಲ್ಲಿ 90ನ್ನು ದಾಟಿತ್ತು. ನಿದ್ದೆಯಲ್ಲಿ ನಾವು ಮಗುವಿನಂತೆ ಕೈ ಮುದುಡಿ ಮಲಗುತ್ತೇವೆ, ಅದಕ್ಕೇ ರಾತ್ರಿಯೇ ಇದರ ಹೊತ್ತು. ಕೈ ಕೊಡವಿದರೆ ಸಮಾಧಾನವಾಗುವುದು ಕೂಡ ಈ ಕಾಯಿಲೆಯ ಗುರುತುಗಳಲ್ಲಿ ಒಂದು, ವೈದ್ಯರು ಅದನ್ನು ಕೇಳಿ ಬರೆದುಕೊಳ್ಳುತ್ತಾರೆ. ಯಾರಿಗೂ ಕಾಣದಂತೆ ಕತ್ತಲಲ್ಲಿ ನಾನು ಮಾಡುತ್ತಿದ್ದ ಆ ಚರ್ಯೆಗೆ ವೈದ್ಯಪುಸ್ತಕದಲ್ಲಿ ಹೆಸರಿದೆ ಎಂದು ತಿಳಿದು ಕಣ್ಣು ತುಂಬಿತು.

ಆಮೇಲೆ ಇದರ ಚರಿತ್ರೆಯನ್ನು ಓದಿದೆ. 1880ರಲ್ಲಿ ಬಾಸ್ಟನ್ನಿನ ನರತಜ್ಞ ಜೇಮ್ಸ್ ಪಟ್ನಮ್ ರಾತ್ರಿ ಜೋಮಿನಿಂದ ಏಳುವ 37 ರೋಗಿಗಳ ಬಗ್ಗೆ ಬರೆದರು, ಆದರೆ ಕಾರಣವನ್ನು ರಕ್ತನಾಳಗಳಲ್ಲಿ ಹುಡುಕಿದರು. 1913ರಲ್ಲಿ ಪ್ಯಾರಿಸ್ಸಿನಲ್ಲಿ ಪಿಯರ್ ಮರಿ ಮತ್ತು ಷಾರ್ಲ್ ಫ್ವಾ, ತೀರಿಕೊಂಡ ಎಂಬತ್ತರ ಮುದುಕರೊಬ್ಬರ ಮಣಿಕಟ್ಟನ್ನು ತೆರೆದು, ಪಟ್ಟಿಯ ಕೆಳಗೆ ನರ ಹಿಸುಕಿಹೋಗಿದ್ದನ್ನು ಕಂಡರು. ಪಟ್ಟಿಯನ್ನು ಸೀಳಿದರೆ ಇಂಥವರನ್ನು ಉಳಿಸಬಹುದಿತ್ತು ಎಂದು ಸೂಚಿಸಿದರು. ಆ ಮಾತು ಹೆಚ್ಚು ಜನರ ಕಿವಿಗೆ ಬೀಳಲಿಲ್ಲ. 1947ರಲ್ಲಿ ಇಂಗ್ಲೆಂಡಿನ ರಸೆಲ್ ಬ್ರೈನ್ ಮತ್ತು ಸಂಗಡಿಗರು ಆರು ರೋಗಿಗಳ ವಿವರ ಪ್ರಕಟಿಸಿದರು. ಆರೂ ಜನ ಹೆಂಗಸರು. ಅಮೆರಿಕದ ಜಾರ್ಜ್ ಫೇಲನ್ 1950ರ ದಶಕದಲ್ಲಿ ಇದನ್ನು ಸಾಮಾನ್ಯ ವೈದ್ಯರಿಗೂ ಪರಿಚಯಿಸಿದರು. ಹಿಂಗೈಗಳನ್ನು ಒಂದಕ್ಕೊಂದು ತಾಗಿಸಿ, ಮಣಿಕಟ್ಟು ಬಾಗಿಸಿ ಒಂದು ನಿಮಿಷ ಹಿಡಿಯುವ ಪರೀಕ್ಷೆ ಅವರ ಹೆಸರಿನಲ್ಲಿದೆ. ನನಗೆ ನಲವತ್ತು ಸೆಕೆಂಡಿಗೇ ಜೋಮು ಬಂತು. ಪಟ್ನಮ್ ಅವರಿಂದ ಫೇಲನ್ ಅವರವರೆಗಿನ ಎಪ್ಪತ್ತು ವರ್ಷಗಳಲ್ಲಿ ಎಷ್ಟು ಹೆಂಗಸರು ‘ಇದು ನಿನ್ನ ನರದೌರ್ಬಲ್ಯ’ ಎಂಬ ಮಾತು ಕೇಳಿಕೊಂಡು ಮನೆಗೆ ಹೋಗಿರಬಹುದು ಎಂದು ಯೋಚಿಸುತ್ತೇನೆ.

ಆ ವೈದ್ಯೆ ಕೈ ನೋಡಿ ಮುಗಿಸಿದ ಮೇಲೆ, ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡು ಇನ್ನೆರಡು ಪ್ರಶ್ನೆ ಕೇಳಿದರು. ಕಳೆದ ಎರಡು ವಾರಗಳಲ್ಲಿ ಯಾವ ಕೆಲಸದಲ್ಲೂ ಆಸಕ್ತಿ, ಸಂತೋಷ ಇಲ್ಲ ಎನ್ನಿಸಿದೆಯಾ? ಮನಸ್ಸು ಕುಗ್ಗಿದೆ, ಮುಂದೆ ದಾರಿಯಿಲ್ಲ ಎನ್ನಿಸಿದೆಯಾ? ಖಿನ್ನತೆಯನ್ನು ಪತ್ತೆಹಚ್ಚಲು ವೈದ್ಯರು ಮೊದಲು ಕೇಳುವ ಎರಡು ಪ್ರಶ್ನೆಗಳಂತೆ ಇವು.

ಎರಡನೆಯದಕ್ಕೆ ಹೌದು ಎಂದೆ. ಮೊದಲನೆಯದಕ್ಕೆ ಉತ್ತರ ಸಿಗಲಿಲ್ಲ. ರಂಗೋಲಿ ಬಿಟ್ಟದ್ದು ಕೈ ಬಾರದೆಯೋ, ಮನಸ್ಸು ಬಾರದೆಯೋ? ಮೊದಮೊದಲು ಕೈ ಬರುತ್ತಿರಲಿಲ್ಲ, ಅದು ನಿಜ. ಆದರೆ ಮಗಳು ಒಂದು ದಿನ ಪುಡಿಯ ಡಬ್ಬಿ ಹಿಡಿದುಕೊಂಡು “ನಾನು ಹಾಕುತ್ತೇನೆ, ನೀನು ಚುಕ್ಕಿ ಹೇಳು ಅಮ್ಮ” ಎಂದಾಗ, ನನಗೆ ಚುಕ್ಕಿ ಹೇಳುವುದೂ ಬೇಡವೆನಿಸಿತ್ತು. ಅದಕ್ಕೆ ಬೆರಳು ಬೇಕಿರಲಿಲ್ಲ. ನರ ಎಲ್ಲಿ ಮುಗಿಯಿತು, ನಾನು ಎಲ್ಲಿ ಶುರುವಾದೆ ಎಂದು ಗೊತ್ತಿಲ್ಲ ಎಂದು ಅವರಿಗೆ ಹೇಳಿದೆ. “ನನಗೂ ಈಗಲೇ ಗೊತ್ತಿಲ್ಲ. ಎರಡನ್ನೂ ನೋಡೋಣ,” ಎಂದರು. ವೈದ್ಯರ ಬಾಯಿಂದ ನಾನು ಕೇಳಿದ ಅತ್ಯಂತ ಸಮಾಧಾನದ ಮಾತು ಅದು.

ಮೊದಲನೆಯವರು ಮನಸ್ಸಿನ ಹೆಸರೆತ್ತಿದ್ದು ಕೈಯನ್ನು ಮುಟ್ಟದಿರಲು. ಇವರು ಕೈಯನ್ನು ಮುಟ್ಟಿ ನೋಡಿ, ಆಮೇಲೆ ಮನಸ್ಸಿನ ಹೆಸರೆತ್ತಿದರು.

ರಕ್ತ ಪರೀಕ್ಷೆ ಇನ್ನೊಂದು ಗಂಟು ಬಿಚ್ಚಿತು. ಥೈರಾಯ್ಡ್ ಗ್ರಂಥಿ ಸೋತಿತ್ತು, ಅದನ್ನು ದುಡಿಸುವ ಹಾರ್ಮೋನಾದ ಟಿಎಸ್‌ಎಚ್ ಮಿತಿ ಮೀರಿ ಏರಿತ್ತು. ನಾನು ಇಷ್ಟು ದಿನ ಕೀಲಿಮಣೆಯನ್ನೇ ದೂರುತ್ತಿದ್ದೆ. ಬರೀ ಟೈಪಿಂಗ್‌ನಿಂದ ಕಾರ್ಪಲ್ ಟನಲ್ ಸಿಂಡ್ರೋಮ್ ಬರುತ್ತದೆ ಎನ್ನುವುದಕ್ಕೆ ಪುರಾವೆ ಅಷ್ಟು ಗಟ್ಟಿಯಿಲ್ಲ. ಬಲ ಹಾಕಿ ಹಿಡಿಯುವ, ಮಣಿಕಟ್ಟು ಬಾಗಿಸುವ, ಕಂಪಿಸುವ ಯಂತ್ರ ಹಿಡಿಯುವ ಕೆಲಸಗಳಿಗೆ ಪುರಾವೆ ಹೆಚ್ಚು. ಜೊತೆಗೆ ಮಧುಮೇಹ, ಥೈರಾಯ್ಡ್ ಕೊರತೆ, ಸಂಧಿವಾತ, ಬಸಿರು. ಥೈರಾಯ್ಡ್ ಕಡಿಮೆಯಾದರೆ ಅಂಗಾಂಶಗಳಲ್ಲಿ ನೀರು ತುಂಬಿ ಸುರಂಗ ಇಕ್ಕಟ್ಟಾಗುತ್ತದೆ. ಅದೇ ಕೊರತೆ ಮನಸ್ಸನ್ನೂ ಕುಗ್ಗಿಸುತ್ತದೆ: ಜಡತೆ, ಮರೆವು, ಯಾವುದೂ ಬೇಡವೆನ್ನುವ ಭಾವ. ಅಂದರೆ ಕೈಯಿಂದ ಮನಸ್ಸು ಕೆಟ್ಟಿತೋ, ಮನಸ್ಸಿನಿಂದ ಕೈ ಕೆಟ್ಟಿತೋ ಎಂದು ನಾನು ಜಗಳವಾಡುತ್ತಿದ್ದಾಗ, ಕತ್ತಿನಲ್ಲಿ ಕೂತ ಚಿಟ್ಟೆಯಾಕಾರದ ಗ್ರಂಥಿಯೊಂದು ಎರಡನ್ನೂ ಎಳೆಯುತ್ತಿತ್ತು. ಕೈ ಜೋಮು ಮತ್ತು ಖಿನ್ನತೆ ಒಟ್ಟಿಗೆ ಬಂದವರೆಲ್ಲರೂ ಥೈರಾಯ್ಡ್ ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸಿಕೊಳ್ಳಲಿ ಎಂದು ಕೈಮುಗಿದು ಕೇಳುತ್ತೇನೆ.

ನರದಲ್ಲಿ ಸಂಕೇತ ಹರಿಯುವ ವೇಗವನ್ನು ಅಳೆಯುವ ಪರೀಕ್ಷೆಗೆ ನಿಮ್ಹಾನ್ಸ್‌ಗೂ ಹೋಗಬಹುದು ಎಂದಾಗ ಮನೆಯಲ್ಲಿ ಗಾಳಿಯೇ ನಿಂತಿತು. ಮಾವನವರು ಎರಡು ದಿನ ನನ್ನೊಡನೆ ಮೆಲ್ಲಗೆ, ಒಡೆಯುವ ಸಾಮಾನಿನೊಡನೆ ಮಾತಾಡಿದಂತೆ ಮಾತಾಡಿದರು. ಬೆಂಗಳೂರಿನಲ್ಲಿ ಆ ಹೆಸರು ಕಿವಿಗೆ ಬಿದ್ದರೆ ಜನ ಏನೆಂದುಕೊಳ್ಳುತ್ತಾರೆ ಎಂದು ಎಲ್ಲರಿಗೂ ಗೊತ್ತು. ಮೈಸೂರು ರಾಜ್ಯದ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದಾಗಿ ಹುಟ್ಟಿದ ಸಂಸ್ಥೆ ಅದು. ಹೆಸರಿನಲ್ಲೇ ಮಾನಸಿಕ ಆರೋಗ್ಯವೂ ನರವಿಜ್ಞಾನವೂ ಅಕ್ಕಪಕ್ಕ ಇವೆ. ಪಾರ್ಶ್ವವಾಯು ಆದವರೂ, ಮಂಕು ಕವಿದವರೂ ಹೊಸೂರು ರಸ್ತೆಯ ಅದೇ ಗೇಟಿನಿಂದ ಒಳಗೆ ಹೋಗುತ್ತಾರೆ. ಆ ಬಾಗಿಲು ಒಂದೇ ಆಗಿರುವುದು ಎಷ್ಟು ಸರಿ ಎಂದು ನನಗೆ ಅನ್ನಿಸಿದ್ದು ಆಗಲೇ. ಕೊನೆಗೆ ಪರೀಕ್ಷೆ ಮನೆಯ ಹತ್ತಿರವೇ ಆಯಿತು. ಸಣ್ಣ ಸಣ್ಣ ವಿದ್ಯುತ್ ತಾಡನ, ಪರದೆಯ ಮೇಲೆ ಅಲೆ. ಬಲಗೈ ತೀವ್ರ, ಎಡಗೈ ಮಧ್ಯಮ ಎಂದು ಬಂತು.

ಆ ಅಂಕಿಗಳ ವಿಚಿತ್ರ ಇರುವುದು ಇಲ್ಲಿ. ನರದ ವೇಗ ಎಷ್ಟು ಕುಸಿದಿದೆ ಎಂಬುದಕ್ಕೂ, ರೋಗಿ ಎಷ್ಟು ನರಳುತ್ತಾಳೆ ಎಂಬುದಕ್ಕೂ ನೇರ ಹೊಂದಾಣಿಕೆ ಇಲ್ಲ. 1993ರಲ್ಲಿ ಬಾಸ್ಟನ್ನಿನ ವೈದ್ಯರು ರೋಗಲಕ್ಷಣಗಳ ಬಗ್ಗೆ 11, ದಿನದ ಕೆಲಸಗಳ ಬಗ್ಗೆ 8 ಪ್ರಶ್ನೆಗಳಿರುವ ಒಂದು ಪ್ರಶ್ನಾವಳಿ ಮಾಡಿದರು, ಅದು ಈಗ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಅದರಲ್ಲಿ ಹೆಚ್ಚು ಅಂಕ ಬಂದವರಲ್ಲಿ ಖಿನ್ನತೆ, ಆತಂಕ, ಮತ್ತು ‘ಇನ್ನು ಎಲ್ಲ ಮುಗಿಯಿತು’ ಎಂದು ನೋವನ್ನು ದೊಡ್ಡದು ಮಾಡಿಕೊಳ್ಳುವ ಯೋಚನೆಗಳು ಹೆಚ್ಚಾಗಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಶಸ್ತ್ರಚಿಕಿತ್ಸೆಯ ನಂತರದ ಅತೃಪ್ತಿಗೂ ಇವುಗಳಿಗೂ ನಂಟಿದೆ. ಅದೇ ಹೊತ್ತಿಗೆ, ಕೈ ವಾಸಿಯಾದ ಮೇಲೆ ಅನೇಕರ ಮನಸ್ಸೂ ಹಗುರವಾಗುತ್ತದೆ. ದಾರಿ ಎರಡೂ ಕಡೆಗೆ ಹರಿಯುತ್ತದೆ. ಮಿದುಳಿನಲ್ಲಿ ನೋವಿನ ಸದ್ದನ್ನು ಏರಿಸಿ ಇಳಿಸುವ ರಾಸಾಯನಿಕಗಳಲ್ಲಿ ಕೆಲವು, ಮನಸ್ಸಿನ ಏರಿಳಿತವನ್ನೂ ನೋಡಿಕೊಳ್ಳುತ್ತವೆ. ಡುಲಾಕ್ಸೆಟಿನ್ ಎಂಬ ಒಂದೇ ಮಾತ್ರೆಯನ್ನು ಖಿನ್ನತೆಗೂ, ಸಕ್ಕರೆ ಕಾಯಿಲೆಯ ನರನೋವಿಗೂ ಕೊಡುತ್ತಾರೆ. ನಿದ್ದೆಗೆಟ್ಟ ಮೈಗೆ ಅದೇ ನೋವು ಹೆಚ್ಚಾಗಿ ತಾಗುತ್ತದೆ, ಇದನ್ನು ಹೇಳಲು ಅಧ್ಯಯನವೂ ಬೇಡ.

ಇನ್ನೊಂದು ಸಂಗತಿ ನನ್ನನ್ನು ಬಹಳ ದಿನ ಕಾಡಿತು. ಮಿದುಳಿನ ಹೊರಪದರದಲ್ಲಿ ನಮ್ಮ ದೇಹದ ನಕ್ಷೆಯಿದೆ, ಅದರಲ್ಲಿ ಕೈಗೆ ಸಿಕ್ಕಿರುವ ಜಾಗ ಬೆನ್ನಿಗೋ ಕಾಲಿಗೋ ಸಿಕ್ಕಿದ್ದಕ್ಕಿಂತ ಎಷ್ಟೋ ದೊಡ್ಡದು. ಕಾರ್ಪಲ್ ಟನಲ್ ಇರುವವರ ಮಿದುಳನ್ನು ಎಂಆರ್‌ಐನಲ್ಲಿ ನೋಡಿದಾಗ, ಆ ನಕ್ಷೆಯಲ್ಲಿ ತೋರುಬೆರಳು ಮತ್ತು ನಡುಬೆರಳ ಜಾಗಗಳು ಒಂದರತ್ತ ಒಂದು ಸರಿದು ಗಡಿ ಮಸುಕಾಗಿತ್ತು. ಮಣಿಕಟ್ಟಿನಲ್ಲಿ ಹಿಸುಕಿದರೆ ತಲೆಯೊಳಗಿನ ನಕ್ಷೆ ಕದಲುತ್ತದೆ! ಯಾವ ಬೆರಳು ಯಾವುದೆಂದು ರಾತ್ರಿ ನನಗೆ ತಿಳಿಯುತ್ತಿರಲಿಲ್ಲ ಎಂದರೆ ಅದು ಭ್ರಮೆಯಾಗಿರಲಿಲ್ಲ.

ಚಿಕಿತ್ಸೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಕ್ಸಿನ್ ಮಾತ್ರೆ. ರಾತ್ರಿ ಮಣಿಕಟ್ಟು ಬಾಗದಂತೆ ಲೋಹದ ಪಟ್ಟಿಯಿರುವ ಕೈಕವಚ. ಎಡಗೈ ಇಷ್ಟಕ್ಕೇ ಬಹುಪಾಲು ಸರಿಯಾಯಿತು. ಬಲಗೈಗೆ ಶಸ್ತ್ರಚಿಕಿತ್ಸೆ ಬೇಕಾಯಿತು. ಅಂಗೈಗೆ ಮಾತ್ರ ಅರಿವಳಿಕೆ ಕೊಟ್ಟು, ಹದಿನೈದು ನಿಮಿಷಗಳಲ್ಲಿ ಆ ಅಡ್ಡಪಟ್ಟಿಯನ್ನು ಸೀಳಿದರು. ಗಾಯ ನೋಯುತ್ತಿದ್ದರೂ ಅಂದಿನ ರಾತ್ರಿ ಬೆಳಗಿನ ಆರರವರೆಗೆ ಮಲಗಿದೆ. ಎದ್ದಾಗ ಕಿಟಕಿಯಲ್ಲಿ ಬೆಳಕಿತ್ತು. ಏನೋ ಅನಾಹುತವಾಗಿದೆ ಎಂದು ಗಾಬರಿಯಾಯಿತು, ಅಷ್ಟು ಅಪರಿಚಿತವಾಗಿತ್ತು ಆ ಬೆಳಕು.

ಮನಸ್ಸು ಅಷ್ಟು ಬೇಗ ಬರಲಿಲ್ಲ. ಎರಡೂವರೆಗೆ ಏಳುವುದು ನಿಂತರೂ, ಎದ್ದೇನೆಂಬ ಭಯದಿಂದ ಮಲಗಲು ಹಿಂಜರಿಯುವುದು ಹಲವು ತಿಂಗಳು ಉಳಿಯಿತು. ಆಪ್ತಸಮಾಲೋಚಕರ ಬಳಿ ಆರು ಸಲ ಹೋದೆ. ಹೋಗುವ ಮುನ್ನ ಒಂದು ಸಂಜೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದ್ದೆ. 2022ರಿಂದ ನಡೆಯುತ್ತಿರುವ ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. “ಕೈ ನೋವಿಗೆ ಇಲ್ಲಿಗೆ ಕರೆ ಮಾಡಬಹುದಾ?” ಎಂದು ಕೇಳಿದಾಗ ಆ ಕಡೆಯ ದನಿ, “ಹೇಳಿ ಮೇಡಂ, ಕೇಳುತ್ತಿದ್ದೇನೆ,” ಎಂದಿತು. ಇಪ್ಪತ್ತು ನಿಮಿಷ ಮಾತಾಡಿದೆ. ಕೈಯ ಬಗ್ಗೆ ಹೇಳಿದ್ದು ಎರಡು ನಿಮಿಷವೂ ಇರಲಿಕ್ಕಿಲ್ಲ.

ಗಾಯ ಮಾಗಿದ ಮೇಲೆ ಊರಿಗೆ ಹೋದೆ. ನಮ್ಮದು ತೀರ್ಥಹಳ್ಳಿಯ ಕಡೆ. ಅಮ್ಮನಿಗೆ ಈಗ ಎಪ್ಪತ್ನಾಲ್ಕು. ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಹೊತ್ತಿಗೆ ನಾಲ್ಕು ಹಸುಗಳ ಹಾಲು ಕರೆದವಳು. ಹಾಲು ಕರೆಯುವುದೆಂದರೆ ಏನು? ಮಣಿಕಟ್ಟು ಬಾಗಿಸಿ, ಬಲವಾಗಿ ಹಿಡಿದು ಹಿಂಡುವುದು, ಸಾವಿರ ಸಲ, ಬೆಳಿಗ್ಗೆ ಮತ್ತು ಸಂಜೆ. ನಾನು ಹೈಸ್ಕೂಲಿನಲ್ಲಿದ್ದಾಗ ಅವಳು ರಾತ್ರಿ ಎದ್ದು ಜಗಲಿಯಲ್ಲಿ ಕೂರುತ್ತಿದ್ದುದು ನೆನಪಿದೆ. ವಾಯು ಎಂದರು, ಎಣ್ಣೆ ಹಚ್ಚಿದರು. ಆಮೇಲಾಮೇಲೆ ಅವಳು ಹೂ ಕಟ್ಟುವುದನ್ನು ಬಿಟ್ಟಳು. ಹಸೆ ಬರೆಯುವುದನ್ನು ಬಿಟ್ಟಳು, ಅದರಲ್ಲಿ ಸುತ್ತಲಿನ ಹತ್ತು ಊರಿಗೆ ಅವಳೇ ಹೆಸರಾಗಿದ್ದಳು. ಮದುವೆ ಮನೆಗಳಿಗೆ ಹೋಗುವುದನ್ನೂ ಕಡಿಮೆ ಮಾಡಿದಳು. “ಅಮ್ಮನಿಗೆ ಈಚೆಗೆ ಯಾವುದರಲ್ಲೂ ಉತ್ಸಾಹವಿಲ್ಲ” ಎಂದು ನಾವು ಅಣ್ಣತಂಗಿಯರು ಮಾತಾಡಿಕೊಂಡೆವು. ಅಪ್ಪ ತೀರಿಕೊಂಡದ್ದಕ್ಕೆ ಇರಬೇಕು, ವಯಸ್ಸಾಯಿತು ಎಂದು ತೀರ್ಮಾನಿಸಿದೆವು. ಯಾರೂ ಅವಳ ಅಂಗೈಯನ್ನು ತಿರುಗಿಸಿ ನೋಡಲಿಲ್ಲ.

ಈ ಸಲ ನೋಡಿದೆ. ಹೆಬ್ಬೆರಳ ಬುಡದಲ್ಲಿ ಉಬ್ಬಿರಬೇಕಾದ ದಿಣ್ಣೆ ಬಲಗೈಯಲ್ಲಿ ಇರಲೇ ಇಲ್ಲ. ಅಲ್ಲಿ ಚಮಚದಷ್ಟು ತಗ್ಗು ಬಿದ್ದಿತ್ತು. ನರ ವರ್ಷಗಟ್ಟಲೆ ಹಿಸುಕಿದರೆ ಅದು ನಡೆಸುವ ಸ್ನಾಯು ಹೀಗೆ ಬತ್ತಿಹೋಗುತ್ತದೆ.

“ಆಗ ರಾತ್ರಿ ಎದ್ದು ಜಗಲಿಯಲ್ಲಿ ಕೂರುತ್ತಿದ್ದೆಯಲ್ಲ ಅಮ್ಮ, ಏನು ಯೋಚನೆ ಮಾಡುತ್ತಿದ್ದೆ?”

ಅಮ್ಮ ತುಸು ಹೊತ್ತು ಅಂಗಳವನ್ನು ನೋಡಿದಳು. “ಯೋಚನೆ ಏನು ಬಂತು ಕಣೇ. ಬೆಳಿಗ್ಗೆ ಹಸುವಿನ ಹತ್ತಿರ ಕೂತಾಗ ಕೈ ಬರುತ್ತದೋ ಇಲ್ಲವೋ ಎಂದು. ಬಾರದಿದ್ದರೆ ನಿಮ್ಮ ಅಪ್ಪನಿಗೆ ಏನು ಹೇಳಲಿ ಎಂದು.” ಮತ್ತೆ ಸುಮ್ಮನಿದ್ದು ಹೇಳಿದಳು: “ಒಂದೊಂದು ದಿನ ಬಾವಿಕಟ್ಟೆಯ ತನಕ ಹೋಗಿ ಬರುತ್ತಿದ್ದೆ.”

ಯಾಕೆ ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಅವಳ ಬಲಗೈಯನ್ನು ನನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು ಕೂತೆ, ದೀಪ ಹಚ್ಚುವ ಹೊತ್ತಾಗುವವರೆಗೆ.

ಶಿವಮೊಗ್ಗದಲ್ಲಿ ತೋರಿಸಿದೆವು. ಬಲಗೈಯ ಸ್ನಾಯು ಇನ್ನು ತುಂಬಿಕೊಳ್ಳುವುದು ಕಷ್ಟ ಎಂದರು ವೈದ್ಯರು. ಎಡಗೈಯನ್ನು ಉಳಿಸಬಹುದು. ಆ ಎರಡು ಪ್ರಶ್ನೆಗಳನ್ನು ಈ ಸಲ ನಾನೇ ವೈದ್ಯರಿಗೆ ನೆನಪಿಸಿದೆ, ಅವರು ಅಮ್ಮನನ್ನು ಕೇಳಿದರು. ಈಗ ಅವಳು ರಾತ್ರಿ ಎರಡೂ ಕೈಗೆ ಕವಚ ಹಾಕಿಕೊಂಡು ಮಲಗುತ್ತಾಳೆ. ಅದರ ಪಟ್ಟಿ ಬಿಗಿಯಲು ಅವಳ ಹೆಬ್ಬೆರಳಿಗೆ ಆಗುವುದಿಲ್ಲ. ಅಣ್ಣನ ಮಗ ದಿನಾ ಮಲಗುವ ಮುನ್ನ ಬಂದು ಬಿಗಿದು ಹೋಗುತ್ತಾನೆ.